ಹಳೆ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಕಂಪ್ಯೂಟರ್‌ಗೆ ಕಾರ್ಡ್ ಹುಡುಕುವವರು ಸಾಮಾನ್ಯವಾಗಿ ಮೊದಲು ಕಾರ್ಡ್ ಇಷ್ಟಪಡುತ್ತಾರೆ. ಆಮೇಲೆ ಅದು ತಮ್ಮ ಕಂಪ್ಯೂಟರ್‌ಗೆ ಆಗುತ್ತದಾ ಅಂತ ಕೇಳುತ್ತಾರೆ. ದಯವಿಟ್ಟು ಇದನ್ನು ಉಲ್ಟಾ ಮಾಡಿ. ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಎಷ್ಟು ಕರೆಂಟ್ ಕೊಡುತ್ತದೆ, ಕ್ಯಾಬಿನೆಟ್ ಒಳಗೆ ಎಷ್ಟು ಜಾಗ ಇದೆ, ಇವೆರಡು ಗೊತ್ತಾದರೆ ಪಟ್ಟಿಯಲ್ಲಿರುವ ಮುಕ್ಕಾಲು ಕಾರ್ಡ್‌ಗಳು ತಾವಾಗಿಯೇ ಹೊರಗೆ ಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಸುಲಭ.

ಎಲ್ಲಿಂದ ಶುರು ಮಾಡಬೇಕು?

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು ಒಳಗೆ ನೋಡುವುದರಿಂದ. ಸಾಫ್ಟ್‌ವೇರ್ ಅರ್ಧ ವಿಷಯ ಮಾತ್ರ ಹೇಳುತ್ತದೆ. ಎಸ್‌ಎಂಪಿಎಸ್ ಮೇಲಿನ ಚೀಟಿಯನ್ನು ಯಾವ ಸಾಫ್ಟ್‌ವೇರೂ ಓದಿ ಹೇಳುವುದಿಲ್ಲ.

ಬಾಗಿಲು ತೆಗೆದಾಗಲೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಎಸ್‌ಎಂಪಿಎಸ್ ಚೀಟಿಯದ್ದು ಒಂದು, ಮದರ್‌ಬೋರ್ಡ್ ಪೂರ್ತಿ ಕಾಣುವಂತೆ ಒಂದು, ಸ್ಲಾಟ್‌ಗಳ ಹತ್ತಿರದಿಂದ ಒಂದು. ಆಮೇಲೆ ಅಂಗಡಿಯವರಿಗೋ ಗೆಳೆಯರಿಗೋ ತೋರಿಸಲು ಇದೇ ಸಾಕು.

ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಮಾಡೆಲ್ ತಿಳಿಯಲು ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಬೇಸ್‌ಬೋರ್ಡ್ ಅಂತ ಇರುವ ಸಾಲುಗಳಲ್ಲಿ ಬೋರ್ಡ್‌ನ ಹೆಸರಿರುತ್ತದೆ. ಅಲ್ಲೇ ಬಯಾಸ್ ಮೋಡ್ ಅಂತ ಇನ್ನೊಂದು ಸಾಲಿದೆ. ಬಯಾಸ್ ಅಂದ್ರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್. ಆ ಸಾಲಿನಲ್ಲಿ ಲೆಗಸಿ (ಹಳೆ ವಿಧಾನ) ಅಂತಿದೆಯಾ, ಯುಇಎಫ್‌ಐ (ಹೊಸ ವಿಧಾನ) ಅಂತಿದೆಯಾ ನೋಡಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೂ ವಿವರ ಬೇಕಿದ್ದರೆ ಸಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ.

ಲ್ಯಾಪ್‌ಟಾಪ್, ಮಾನಿಟರ್ ಒಳಗೇ ಎಲ್ಲಾ ಇರುವ ಆಲ್-ಇನ್-ಒನ್, ಅಂಗೈಯಗಲದ ಮಿನಿ ಪಿಸಿ, ಇವುಗಳಿಗೆ ಈ ಪುಟ ಅನ್ವಯಿಸುವುದಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಕಾರ್ಡ್ ಅವುಗಳಲ್ಲಿ ಕೂರುವುದಿಲ್ಲ.

ಸರಿಯಾದ ಸ್ಲಾಟ್ ಇದೆಯಾ ಅಂತ ಗುರುತಿಸುವುದು ಹೇಗೆ?

ಬೇಕಾಗಿರುವುದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಸ್ಲಾಟ್. ಬೋರ್ಡ್‌ನ ಮೇಲೆ ಸುಮಾರು 9 ಸೆಂಟಿಮೀಟರ್ ಉದ್ದ ಇರುತ್ತದೆ, ಸಾಮಾನ್ಯವಾಗಿ ಪ್ರೊಸೆಸರ್‌ಗೆ ಹತ್ತಿರದಲ್ಲೇ ಇರುತ್ತದೆ. ಒಂದು ತುದಿಯಲ್ಲಿ ಕಾರ್ಡ್ ಹಿಡಿದುಕೊಳ್ಳುವ ಚಿಕ್ಕ ಕೊಕ್ಕೆ ಇರುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ.

ಈ ಸ್ಲಾಟ್‌ನ ಮೊದಲ ಆವೃತ್ತಿ ಬಂದದ್ದು 2003ರಲ್ಲಿ. ಅದಕ್ಕಿಂತ ಹಿಂದಿನ ಕಂಪ್ಯೂಟರ್‌ಗಳಲ್ಲಿ ಎಜಿಪಿ ಸ್ಲಾಟ್ ಇರುತ್ತಿತ್ತು. ನಿಮ್ಮದರಲ್ಲಿ ಎಜಿಪಿ ಇದ್ದರೆ ಇಂದಿನ ಯಾವ ಕಾರ್ಡೂ ಆಗುವುದಿಲ್ಲ. ಹಳೆ ಬಿಳಿ ಪಿಸಿಐ ಸ್ಲಾಟ್ ಹೆಸರು ಒಂದೇ ಥರ ಕೇಳಿಸಿದರೂ ಅದು ಪೂರ್ತಿ ಬೇರೆ.

ಒಂದು ಎಚ್ಚರಿಕೆ. ಕೆಲವು ಬೋರ್ಡ್‌ಗಳಲ್ಲಿ ಎರಡು ಉದ್ದ ಸ್ಲಾಟ್ ಇರುತ್ತವೆ, ಎರಡೂ ನೋಡಲು ಒಂದೇ. ಆದರೆ ಎರಡನೆಯದರಲ್ಲಿ 16ರ ಬದಲು 4 ಲೇನ್‌ಗೆ (ಮಾಹಿತಿ ಹರಿಯುವ ದಾರಿಗೆ) ಮಾತ್ರ ತಂತಿ ಎಳೆದಿರುತ್ತಾರೆ. ಟಾರ್ಚ್ ಹಾಕಿ ಸ್ಲಾಟ್ ಒಳಗೆ ನೋಡಿದರೆ ಲೋಹದ ಪಿನ್‌ಗಳು ಅರ್ಧಕ್ಕೂ ಮುಂಚೆ ನಿಂತಿರುವುದು ಹೆಚ್ಚಾಗಿ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾದದ್ದು ಪ್ರೊಸೆಸರ್ ಹತ್ತಿರದ ಸ್ಲಾಟ್‌ಗೆ.

ನನ್ನ ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ 2.0 ಅಥವಾ 3.0. ಕಾರ್ಡ್ 4.0 ಅಂತಿದೆ. ನಡೆಯುತ್ತದಾ?

ನಡೆಯುತ್ತದೆ. ಈ ಆವೃತ್ತಿಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆಯೇ ಮಾಡಿದ್ದಾರೆ. ಕಾರ್ಡ್ ಮತ್ತು ಬೋರ್ಡ್ ಎರಡರಲ್ಲಿ ಯಾವುದು ಹಳೆಯದೋ ಅದರ ವೇಗಕ್ಕೆ ಇನ್ನೊಂದು ಇಳಿಯುತ್ತದೆ, ಅಷ್ಟೇ.

ಆದರೆ ಇಲ್ಲಿ ಆವೃತ್ತಿಗಿಂತ ಲೇನ್ ಲೆಕ್ಕ ಮುಖ್ಯ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. 16 ಲೇನ್ ಇದ್ದರೆ 2.0ದಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಮಾಹಿತಿ ಹರಿಯುತ್ತದೆ, 3.0ದಲ್ಲಿ ಸುಮಾರು 16 ಜಿಬಿ, 4.0ದಲ್ಲಿ ಸುಮಾರು 32 ಜಿಬಿ. ಪೂರ್ತಿ 16 ಲೇನ್ ಬಳಸುವ ಮಧ್ಯಮ ಶಕ್ತಿಯ ಕಾರ್ಡ್ 3.0 ಬೋರ್ಡ್‌ನಲ್ಲಿ ಬಹುತೇಕ ಏನೂ ಕಳೆದುಕೊಳ್ಳುವುದಿಲ್ಲ.

ತೊಂದರೆ ಬರುವುದು ಲೇನ್ ಕಡಿಮೆ ಮಾಡಿದ ಅಗ್ಗದ ಕಾರ್ಡ್‌ಗಳಲ್ಲಿ. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್‌ಗಳಲ್ಲಿ ಇರುವುದು 4 ಲೇನ್ ಮಾತ್ರ. 4.0 ಬೋರ್ಡ್‌ನಲ್ಲಿ ಅವಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ಸಿಗುತ್ತದೆ. 3.0 ಬೋರ್ಡ್‌ಗೆ ಹಾಕಿದರೆ ಅದು 4 ಆಗುತ್ತದೆ, 2.0ಗೆ ಹಾಕಿದರೆ 2 ಆಗುತ್ತದೆ. ಕಾರ್ಡ್‌ನ 4 ಜಿಬಿ ಮೆಮೊರಿ ತುಂಬಿದಾಗ ಕಂಪ್ಯೂಟರ್‌ನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕಾಗುತ್ತದೆ. ಆಗ ಈ ಇಕ್ಕಟ್ಟು ಎದ್ದು ಕಾಣುತ್ತದೆ, ಗೇಮ್ ತಡವರಿಸುತ್ತದೆ. ಅಗ್ಗದ ಕಾರ್ಡ್ ಬೇಕು ಅನ್ನುವವರ ಹತ್ತಿರ ಇರುವುದೇ ಹಳೆ ಬೋರ್ಡ್. ಅಂಥವರ ಕೈಯಲ್ಲೇ ಈ ಕಾರ್ಡ್‌ಗಳು ಅತಿ ಕಡಿಮೆ ಕೆಲಸ ಮಾಡುತ್ತವೆ. ನನ್ನ ಮಟ್ಟಿಗೆ ಇದು ನಿಜಕ್ಕೂ ಬೇಸರದ ಸಂಗತಿ.

ನಿಮ್ಮದು ಯಾವ ಆವೃತ್ತಿ ಅಂತ ಅಂದಾಜು ಮಾಡಲು: ಇಂಟೆಲ್‌ನ 2ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳು 2.0. 2012ರಲ್ಲಿ ಬಂದ 3ನೇ ತಲೆಮಾರಿನ ಐ5, ಐ7ಗಳಿಂದ 3.0 ಶುರು. 4.0 ಬಂದದ್ದು 2021ರ 11ನೇ ತಲೆಮಾರಿನಲ್ಲಿ. ಎಎಂಡಿ ಕಡೆ ಎಎಂ3+ ಬೋರ್ಡ್‌ಗಳು ಸಾಮಾನ್ಯವಾಗಿ 2.0, ಮೊದಮೊದಲ ರೈಝೆನ್‌ಗಳು 3.0. 2019ರ ರೈಝೆನ್ 3000 ಪ್ರೊಸೆಸರ್‌ಗೆ ಎಕ್ಸ್570 ಬೋರ್ಡ್ ಸೇರಿದರೆ 4.0.

ಎಸ್‌ಎಂಪಿಎಸ್ ಸಾಕಾಗುತ್ತದಾ? ನನ್ನದು 450 ವ್ಯಾಟ್ ಅಂತ ಬರೆದಿದೆ.

ಆ ದೊಡ್ಡ ಸಂಖ್ಯೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡಕ್ಕೂ ಕರೆಂಟ್ ಬರುವುದು 12 ವೋಲ್ಟ್ ಸಾಲಿನಿಂದ. ಹಳೆಯ, ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಒಟ್ಟು ವ್ಯಾಟ್‌ನ ದೊಡ್ಡ ಪಾಲು 3.3 ಮತ್ತು 5 ವೋಲ್ಟ್ ಸಾಲುಗಳಿಗೆ ಹೋಗಿರುತ್ತದೆ. ಅದು ಕಾರ್ಡ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ಚೀಟಿಯಲ್ಲಿ +12ವಿ ಅನ್ನುವ ಕಾಲಂ ಹುಡುಕಿ. ಅದರ ಕೆಳಗೆ ಆಂಪ್ ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. 18 ಆಂಪ್ ಅಂತಿದ್ದರೆ 216 ವ್ಯಾಟ್. ಹೊರಗೆ 450 ಅಂತ ಬರೆದಿದ್ದರೂ ನಿಮಗೆ ಲೆಕ್ಕಕ್ಕೆ ಸಿಗುವುದು 216 ಮಾತ್ರ. 24 ಆಂಪ್ ಕೊಡುವ ಒಳ್ಳೆ 300 ವ್ಯಾಟ್ ಎಸ್‌ಎಂಪಿಎಸ್ ಇದ್ದರೆ 288 ವ್ಯಾಟ್ ಸಿಗುತ್ತದೆ. ಚಿಕ್ಕ ಸಂಖ್ಯೆಯದೇ ಇಲ್ಲಿ ಗಟ್ಟಿ!

ಕೆಲವು ಚೀಟಿಗಳಲ್ಲಿ 12ವಿ1, 12ವಿ2 ಅಂತ ಎರಡು ಕಾಲಂ ಇರುತ್ತವೆ. ಎರಡನ್ನೂ ಸುಮ್ನೆ ಕೂಡಬೇಡಿ. ಎರಡೂ ಸೇರಿ ಗರಿಷ್ಠ ಇಷ್ಟು ವ್ಯಾಟ್ ಅಂತ ಕೆಳಗೆ ಬೇರೆಯಾಗಿ ಬರೆದಿರುತ್ತಾರೆ. ಅದೇ ನಿಮ್ಮ ಸಂಖ್ಯೆ.

ಈಗ ಖರ್ಚು ನೋಡೋಣ. ಉದಾಹರಣೆಗೆ ಕೋರ್ ಐ5-2500 ಪ್ರೊಸೆಸರ್‌ನ ಟಿಡಿಪಿ, ಅಂದ್ರೆ ಭಾರದ ಕೆಲಸದಲ್ಲಿ ಅದು ಬಳಸುವ ಶಕ್ತಿಯ ಅಂದಾಜು, 95 ವ್ಯಾಟ್. ಬೋರ್ಡ್, ಡಿಸ್ಕ್, ಫ್ಯಾನ್, ಯುಎಸ್‌ಬಿ ಸಾಧನಗಳಿಗೆ ಅಂತ 50 ಇಟ್ಟುಕೊಳ್ಳಿ. 216ರಲ್ಲಿ 145 ಹೋದರೆ ಉಳಿಯುವುದು 71. ಅಂದ್ರೆ 75 ವ್ಯಾಟ್‌ನ ಅತಿ ಸಾಧಾರಣ ಕಾರ್ಡ್ ಕೂಡ ಅಲ್ಲಿ ಅಂಚಿನ ಮೇಲಿದೆ. ಈ ಲೆಕ್ಕ ಎರಡು ನಿಮಿಷದ ಕೆಲಸ. ಮಾಡದೇ ಇದ್ದರೆ ಕಾರ್ಡ್ ತಂದ ಮೇಲೆ ಗೊತ್ತಾಗುತ್ತದೆ.

ಲೆಕ್ಕದಲ್ಲಿ ಸರಿಹೋದರೂ ಕಾಲು ಭಾಗದಷ್ಟಾದರೂ ಉಳಿಕೆ ಇರಲಿ. ಇದಕ್ಕೆ ಎರಡು ಕಾರಣ. ಒಂದು, ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಸೊರಗುತ್ತವೆ. ಹೊಸದಾಗಿದ್ದಾಗಿನ ಶಕ್ತಿ ಹತ್ತು ವರ್ಷದ ನಂತರ ಇರುವುದಿಲ್ಲ. ಎರಡು, ಇತ್ತೀಚಿನ ಕಾರ್ಡ್‌ಗಳು ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ ತಮ್ಮ ಹೆಸರಿಗಿರುವ ವ್ಯಾಟ್ ಮೀರಿ ಕರೆಂಟ್ ಎಳೆಯುತ್ತವೆ. ಸರಾಸರಿ ಕಡಿಮೆಯೇ ಇರುತ್ತದೆ, ಆದರೆ ಆ ಒಂದು ಕ್ಷಣದ ಎಳೆತಕ್ಕೆ ಹಳೆ ಎಸ್‌ಎಂಪಿಎಸ್ ಕೈಕೊಟ್ಟರೆ ಕಂಪ್ಯೂಟರ್ ದಿಢೀರ್ ಆಫ್ ಆಗುತ್ತದೆ.

ಚೀಟಿಯಲ್ಲಿ 12 ವೋಲ್ಟ್ ಆಂಪ್ ಬರೆದೇ ಇಲ್ಲ ಅಂದ್ರೆ? ಆ ಎಸ್‌ಎಂಪಿಎಸ್ ಮೇಲೆ ಹೊಸ ಕಾರ್ಡ್ ಭಾರ ಹಾಕಬೇಡಿ. ಅದನ್ನೇ ಮೊದಲು ಬದಲಾಯಿಸಿ. ಕೆಟ್ಟ ಎಸ್‌ಎಂಪಿಎಸ್ ತಾನು ಸಾಯುವಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಡಿಸ್ಕ್‌ನಲ್ಲಿರುವ ಫೋಟೊಗಳಿಗಿಂತ ಕಾರ್ಡ್ ದೊಡ್ಡದಲ್ಲ ಅಲ್ವಾ?

6 ಪಿನ್, 8 ಪಿನ್ ಅಂದ್ರೆ ಏನು? ನನ್ನಲ್ಲಿ ಆ ವೈರೇ ಇಲ್ಲ, ಅಡಾಪ್ಟರ್ ಹಾಕಬಹುದಾ?

ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ನೇರ ವೈರ್ ಬೇಕು. 6 ಪಿನ್ ಕನೆಕ್ಟರ್ 75 ವ್ಯಾಟ್ ಕೊಡುತ್ತದೆ, 8 ಪಿನ್ 150 ವ್ಯಾಟ್. ದೊಡ್ಡ ಕಾರ್ಡ್‌ಗಳಲ್ಲಿ ಈಗ ಬರುತ್ತಿರುವ 16 ಪಿನ್ ಕನೆಕ್ಟರ್ 600 ವ್ಯಾಟ್‌ವರೆಗೆ ಹೋಗುತ್ತದೆ. ಹಳೆ ಕಂಪ್ಯೂಟರ್ ವಿಷಯದಲ್ಲಿ ಅದರ ಯೋಚನೆ ಬೇಡ.

ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ವೈರ್‌ನಿಂದ 6 ಪಿನ್ ಮಾಡುವ ಅಡಾಪ್ಟರ್‌ಗಳನ್ನು ದಯವಿಟ್ಟು ಬಳಸಬೇಡಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪ್. ಒಟ್ಟು 4.5 ಆಂಪ್, ಅಂದ್ರೆ 54 ವ್ಯಾಟ್. ಅದರಿಂದ 75 ವ್ಯಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಕೂಡ ಹತ್ತಬಹುದು. ಎರಡು ದೊಡ್ಡ 4 ಪಿನ್ ಮೋಲೆಕ್ಸ್ ಕನೆಕ್ಟರ್‌ಗಳಿಂದ ಒಂದು 6 ಪಿನ್ ಮಾಡುವ ಅಡಾಪ್ಟರ್ ಅದಕ್ಕಿಂತ ವಾಸಿ, ಆದರೆ ಎರಡೂ ಬೇರೆ ಬೇರೆ ವೈರ್‌ನಿಂದ ಬಂದಿರಬೇಕು. ಆದರೂ ಒಂದು ಮಾತು ಹೇಳಿಬಿಡುತ್ತೇನೆ. 6 ಪಿನ್ ವೈರ್ ಕೊಡದ ಎಸ್‌ಎಂಪಿಎಸ್ ಬಹುತೇಕ ಅಂಥ ಕಾರ್ಡ್‌ಗಾಗಿ ಮಾಡಿದ್ದೇ ಅಲ್ಲ.

ಪ್ರೊಸೆಸರ್‌ಗೆ ಹೋಗುವ 4+4 ಪಿನ್ ವೈರ್ ಮತ್ತು ಕಾರ್ಡ್‌ನ 6+2 ಪಿನ್ ವೈರ್ ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಒಳಗಿನ ಪ್ಲಸ್-ಮೈನಸ್ ಉಲ್ಟಾ. ಒತ್ತಿ ತುರುಕಿದರೆ ಶಾರ್ಟ್ ಆಗುತ್ತದೆ. ಸಲೀಸಾಗಿ ಕೂರದ ಕನೆಕ್ಟರ್‌ಗೆ ಬಲ ಹಾಕಬೇಡಿ.

ನನ್ನದು ಆಫೀಸಿನಿಂದ ಬಂದ ಡೆಲ್, ಎಚ್‌ಪಿ ಅಥವಾ ಲೆನೊವೊ. ಅದರ ಎಸ್‌ಎಂಪಿಎಸ್ ಬದಲಿಸಬಹುದಾ?

ಕೆಲವದರಲ್ಲಿ ಆಗುತ್ತದೆ, ಹಲವದರಲ್ಲಿ ಕಷ್ಟ. ಸಾಮಾನ್ಯ ಬೋರ್ಡ್‌ಗೆ 24 ಪಿನ್ ಮುಖ್ಯ ಕನೆಕ್ಟರ್ ಇರುತ್ತದೆ. ಈ ಕಂಪನಿಗಳ ಆಫೀಸ್ ಮಾಡೆಲ್‌ಗಳಲ್ಲಿ ಅದರ ಬದಲು 8 ಪಿನ್, 14 ಪಿನ್ ಅಂತ ತಮ್ಮದೇ ಕನೆಕ್ಟರ್ ಇರುವುದುಂಟು. ಅಂಗಡಿಯಲ್ಲಿ ಸಿಗುವ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. 24 ಪಿನ್‌ನಿಂದ ಆ ಕನೆಕ್ಟರ್‌ಗೆ ಹೋಗುವ ಅಡಾಪ್ಟರ್ ವೈರ್ ಕೆಲವು ಮಾಡೆಲ್‌ಗಳಿಗೆ ಸಿಗುತ್ತದೆ. ಆದರೆ ಎಸ್‌ಎಂಪಿಎಸ್‌ನ ಅಳತೆ, ಸ್ಕ್ರೂ ತೂತು ಎಲ್ಲವೂ ಹೊಂದಬೇಕು. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 150 ಮಿಮೀ ಅಗಲ, 86 ಮಿಮೀ ಎತ್ತರ. ತೆಳ್ಳಗಿನ ಕ್ಯಾಬಿನೆಟ್‌ನಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ಗುಟ್ಟಾದ ಮಿತಿ ಇದೆ. ಕೆಲವು ಚಿಕ್ಕ ಆಫೀಸ್ ಮಾಡೆಲ್‌ಗಳಲ್ಲಿ ಎಕ್ಸ್16 ಸ್ಲಾಟ್ ಇದ್ದರೂ ಅದು 75 ವ್ಯಾಟ್ ಕೊಡುವುದಿಲ್ಲ. ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಸ್ಲಾಟ್‌ಗೆ ಗರಿಷ್ಠ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಓದದೆ ಕಾರ್ಡ್ ಕೊಳ್ಳಬೇಡಿ.

ಡೆಲ್ ಪ್ರಿಸಿಷನ್, ಎಚ್‌ಪಿ ಝಡ್, ಲೆನೊವೊ ಥಿಂಕ್‌ಸ್ಟೇಷನ್ ಥರದ ದೊಡ್ಡ ವರ್ಕ್‌ಸ್ಟೇಷನ್ ಟವರ್‌ಗಳ ಕಥೆ ಬೇರೆ. ಅವುಗಳಲ್ಲಿ ಬಲವಾದ ಎಸ್‌ಎಂಪಿಎಸ್ ಮತ್ತು 6 ಪಿನ್ ವೈರ್ ಬಹಳ ಸಲ ಮೊದಲೇ ಇರುತ್ತವೆ.

ಬೇರೆ ವೈರ್ ಬೇಡದ, ಸ್ಲಾಟ್ ಕರೆಂಟ್‌ನಲ್ಲೇ ಓಡುವ ಕಾರ್ಡ್ ಯಾವುವು?

ಹಳೆ ಕಂಪ್ಯೂಟರ್‌ನವರಿಗೆ ನಾನು ಮೊದಲು ತೋರಿಸುವುದು ಇವನ್ನೇ.

ಎನ್‌ವಿಡಿಯಾ ಜಿಟಿಎಕ್ಸ್ 750 ಟಿಐ 2014ರದು, 60 ವ್ಯಾಟ್. ಜಿಟಿಎಕ್ಸ್ 1050 ಟಿಐ 2016ರದು, 75 ವ್ಯಾಟ್, 4 ಜಿಬಿ. ಜಿಟಿಎಕ್ಸ್ 1650 ಬಂದದ್ದು 2019ರಲ್ಲಿ, ಅದೂ 75 ವ್ಯಾಟ್. ಆದರೆ 1650ರ ಕೆಲವು ಮಾಡೆಲ್‌ಗಳಿಗೆ 6 ಪಿನ್ ಬೇಕು, ಫೋಟೊ ನೋಡಿ ಖಚಿತ ಮಾಡಿಕೊಳ್ಳಿ. ಎಎಂಡಿ ಆರ್‌ಎಕ್ಸ್ 6400 ಬರೀ 53 ವ್ಯಾಟ್, ಆದರೆ ಮೇಲೆ ಹೇಳಿದ 4 ಲೇನ್ ಸಮಸ್ಯೆ ಅದಕ್ಕಿದೆ.

ಈ ಗುಂಪಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ. 70 ವ್ಯಾಟ್, 8 ಲೇನ್, ಸಾಮಾನ್ಯವಾಗಿ ವೈರ್ ಬೇಡ. ಇದೇ ಹೆಸರಿನ 8 ಜಿಬಿ ಕಾರ್ಡ್ 130 ವ್ಯಾಟ್ ಎಳೆಯುತ್ತದೆ, ಅದಕ್ಕೆ ವೈರ್ ಬೇಕೇ ಬೇಕು. ಹೆಸರು ಒಂದೇ ಅಂತ ಮೋಸ ಹೋಗಬೇಡಿ. ವರ್ಕ್‌ಸ್ಟೇಷನ್ ಕಾರ್ಡ್‌ಗಳಲ್ಲಿ ಆರ್‌ಟಿಎಕ್ಸ್ ಎ2000 ಕೂಡ 70 ವ್ಯಾಟ್‌ನದೇ, ಎತ್ತರವೂ ಕಡಿಮೆ.

ಗೇಮ್ ಬೇಡ, ಇನ್ನೊಂದು ಮಾನಿಟರ್ ಹಾಕಬೇಕು, ವಿಡಿಯೊ ಸಲೀಸಾಗಿ ಓಡಬೇಕು ಅಷ್ಟೇ ಅನ್ನುವವರಿಗೆ 30 ವ್ಯಾಟ್‌ನ ಜಿಟಿ 1030 ಸಾಕು. ಅದರಲ್ಲಿ ಡಿಡಿಆರ್4 ಮೆಮೊರಿಯದ್ದು ಬಿಟ್ಟು ಜಿಡಿಡಿಆರ್5 ಇರುವುದನ್ನೇ ತೆಗೆದುಕೊಳ್ಳಿ, ವೇಗದಲ್ಲಿ ಅಜಗಜಾಂತರ ಇದೆ.

ಕ್ಯಾಬಿನೆಟ್‌ನಲ್ಲಿ ಜಾಗ ಅಳೆಯುವುದು ಹೇಗೆ?

ಮೂರು ಅಳತೆ ಬೇಕು. ಉದ್ದ: ಹಿಂಭಾಗದ ತಗಡಿನಿಂದ ಮುಂದೆ ಮೊದಲು ಅಡ್ಡ ಬರುವ ವಸ್ತುವಿನವರೆಗೆ. ಅದು ಹಾರ್ಡ್ ಡಿಸ್ಕ್ ಗೂಡಿರಬಹುದು, ಫ್ಯಾನ್ ಇರಬಹುದು, ಬೋರ್ಡ್‌ಗೆ ಚುಚ್ಚಿದ ಸಾಟಾ ಡೇಟಾ ವೈರ್ ಇರಬಹುದು. ಒಂದು ಫ್ಯಾನ್‌ನ ಕಾರ್ಡ್‌ಗಳು ಹೆಚ್ಚುಕಡಿಮೆ 150ರಿಂದ 180 ಮಿಮೀ, ಎರಡು ಫ್ಯಾನ್‌ನವು 200ರಿಂದ 250, ಮೂರು ಫ್ಯಾನ್‌ನವು 300 ದಾಟುತ್ತವೆ. ದಪ್ಪ: ಒಂದು ಸ್ಲಾಟ್ ಅಂದ್ರೆ ಸುಮಾರು 20 ಮಿಮೀ. ಈಗಿನ ಹೆಚ್ಚಿನ ಕಾರ್ಡ್‌ಗಳು ಎರಡು ಸ್ಲಾಟ್ ಜಾಗ ತಿನ್ನುತ್ತವೆ. ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಎಕ್ಸ್16 ಸ್ಲಾಟ್ ಪಕ್ಕದಲ್ಲೇ ಎಸ್‌ಎಂಪಿಎಸ್ ಇದ್ದರೆ ಅವು ಕೂರುವುದಿಲ್ಲ. ಎತ್ತರ: ಹಿಂಭಾಗದ ಪಟ್ಟಿ ಸುಮಾರು 120 ಮಿಮೀ ಇದ್ದರೆ ಮಾಮೂಲಿ ಕಾರ್ಡ್, ಸುಮಾರು 80 ಮಿಮೀ ಇದ್ದರೆ ಲೋ ಪ್ರೊಫೈಲ್ ಕಾರ್ಡ್ ಬೇಕು. ಲೋ ಪ್ರೊಫೈಲ್ ಕಾರ್ಡ್ ಕೊಳ್ಳುವಾಗ ಚಿಕ್ಕ ಪಟ್ಟಿ ಡಬ್ಬಿಯಲ್ಲಿದೆಯಾ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಅದು ಕಳೆದುಹೋಗಿರುವುದು ಮಾಮೂಲು.

ಮೇಲಕ್ಕೆ ಚಾಚಿದ ಪವರ್ ವೈರ್ ಬಗ್ಗಲು ಇನ್ನೂ ಮೂರು ನಾಲ್ಕು ಸೆಂಟಿಮೀಟರ್ ಬಿಡಿ.

ಕಾರ್ಡ್ ಹಾಕಿದ ಮೇಲೆ ಪರದೆ ಕಪ್ಪಾಗೇ ಉಳಿಯುವ ಸಾಧ್ಯತೆ ಇದೆಯಾ?

ಇದೆ. ಅದರ ಮೂಲ ಬಯಾಸ್‌ನಲ್ಲಿದೆ. 2010ರ ಆಸುಪಾಸಿಗಿಂತ ಹಿಂದಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಹಳೆ ಥರದ ಬಯಾಸ್ ಇರುತ್ತದೆ. 2012ರಲ್ಲಿ ವಿಂಡೋಸ್ 8 ಬರುವ ಹೊತ್ತಿಗೆ ಯುಇಎಫ್‌ಐ ಎಲ್ಲೆಡೆ ಹರಡಿತು. ಹೊಸ ಕಾರ್ಡ್‌ಗಳು ಯುಇಎಫ್‌ಐಯನ್ನೇ ಮನಸ್ಸಲ್ಲಿಟ್ಟು ಮಾಡಿದವು. ಬಹಳಷ್ಟು ಕಾರ್ಡ್‌ಗಳು ಹಳೆ ಬಯಾಸ್ ಜೊತೆಗೂ ಮಾತಾಡುತ್ತವೆ, ಆದರೆ ಎಲ್ಲವೂ ಅಲ್ಲ.

ಹಾಗಾಗಿ ಕಾರ್ಡ್ ಹಾಕುವ ಮೊದಲೇ ಬೋರ್ಡ್ ಕಂಪನಿಯ ಜಾಲತಾಣದಿಂದ ಕೊನೆಯ ಬಯಾಸ್ ಅಪ್‌ಡೇಟ್ ಹಾಕಿಕೊಳ್ಳಿ. ಪರದೆ ಬಾರದೆ ಹೋದ ಮೇಲೆ ಆ ಕಾರ್ಡ್ ಇಟ್ಟುಕೊಂಡು ಅದನ್ನು ಮಾಡುವುದು ಕಷ್ಟ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದರೆ ಒಳ್ಳೆಯದು. ಹಳೆ ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಅದನ್ನೂ ಆಗಲೇ ಬದಲಿಸಿ. ಇಲ್ಲದಿದ್ದರೆ ಪ್ಲಗ್ ತೆಗೆದಾಗಲೆಲ್ಲ ಬಯಾಸ್ ಸೆಟ್ಟಿಂಗ್ ಅಳಿಸಿಹೋಗುತ್ತದೆ.

ಯುಇಎಫ್‌ಐ ಬೋರ್ಡ್‌ನಲ್ಲಿ ಸಿಎಸ್‌ಎಂ ಅನ್ನುವ, ಹಳೆ ಬಯಾಸ್ ವಿಧಾನಕ್ಕೆ ಹೊಂದಿಸುವ ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ ಅಂತ ಎಲ್ಲೋ ಓದಿ ಕೂಡಲೇ ಮಾಡಬೇಡಿ. ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬಯಾಸ್ ಮೋಡ್ ಲೆಗಸಿ ಅಂತಿದ್ದರೆ ನಿಮ್ಮ ವಿಂಡೋಸ್ ಹಳೆ ವಿಧಾನದಲ್ಲಿ ಇನ್‌ಸ್ಟಾಲ್ ಆಗಿದೆ. ಸಿಎಸ್‌ಎಂ ಆಫ್ ಮಾಡಿದ ತಕ್ಷಣ ಅದು ಬೂಟ್ ಆಗುವುದು ನಿಲ್ಲುತ್ತದೆ. ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ವಿಧಾನಕ್ಕೆ ಬದಲಿಸುವ ಸಾಧನ ವಿಂಡೋಸ್ 10ರಲ್ಲೇ ಇದೆ. ಅದಕ್ಕೆ ಮುಂಚೆ ಬ್ಯಾಕಪ್ ತೆಗೆಯಿರಿ.

ಇಷ್ಟೆಲ್ಲಾ ಯೋಚಿಸುವ ಮೊದಲು ಮಾನಿಟರ್ ವೈರ್ ಎಲ್ಲಿದೆ ನೋಡಿ. ಹೊಸ ಕಾರ್ಡ್ ಹಾಕಿ ವೈರನ್ನು ಮದರ್‌ಬೋರ್ಡ್‌ನಲ್ಲೇ ಬಿಟ್ಟಿರುವುದು ಕಪ್ಪು ಪರದೆಗೆ ತುಂಬಾ ಸಾಮಾನ್ಯ ಕಾರಣ.

ಪ್ರೊಸೆಸರ್ ಹಳೆಯದು. ದೊಡ್ಡ ಕಾರ್ಡ್ ಹಾಕಿದರೆ ವ್ಯರ್ಥವಾ?

ನೀವು ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಗೇಮ್‌ನಲ್ಲಿ ಪ್ರತಿ ಫ್ರೇಮ್‌ಗೂ ಮೊದಲು ಪ್ರೊಸೆಸರ್ ತನ್ನ ಪಾಲಿನ ಕೆಲಸ ಮುಗಿಸಿ ಕೊಡಬೇಕು, ಆಮೇಲೆ ಕಾರ್ಡ್ ಚಿತ್ರ ಬಿಡಿಸುತ್ತದೆ. ಪ್ರೊಸೆಸರ್ ಸೆಕೆಂಡಿಗೆ 50 ಫ್ರೇಮ್‌ಗೆ ಮಾತ್ರ ತಯಾರಿ ಮಾಡಿದರೆ ಎಂಥಾ ಕಾರ್ಡ್ ಇದ್ದರೂ 50ರ ಮೇಲೆ ಹೋಗುವುದಿಲ್ಲ.

ಪರೀಕ್ಷೆ ಸುಲಭ. ಈಗಿರುವ ಕಾರ್ಡ್‌ನಲ್ಲೇ ನಿಮ್ಮ ಗೇಮ್ ಆಡಿ ಫ್ರೇಮ್ ಸಂಖ್ಯೆ ನೋಡಿ. ಆಮೇಲೆ ರೆಸಲ್ಯೂಶನ್ ತುಂಬಾ ಕೆಳಗಿಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಫ್ರೇಮ್ ಸಂಖ್ಯೆ ಚೆನ್ನಾಗಿ ಏರಿದರೆ ತಡೆ ಇರುವುದು ಕಾರ್ಡ್‌ನಲ್ಲಿ, ಹೊಸ ಕಾರ್ಡ್‌ನಿಂದ ಲಾಭ ಇದೆ. ಸಂಖ್ಯೆ ಅಲ್ಲಾಡದಿದ್ದರೆ ತಡೆ ಪ್ರೊಸೆಸರ್‌ನದು. ರೆಸಲ್ಯೂಶನ್ ಇಳಿಸಿದಾಗ ಬಂದ ಆ ಸಂಖ್ಯೆಯೇ ಹೆಚ್ಚುಕಡಿಮೆ ನಿಮ್ಮ ಪ್ರೊಸೆಸರ್‌ನ ಮಿತಿ. ಆ ಮಿತಿಯವರೆಗೆ ಒಯ್ಯುವ ಕಾರ್ಡ್ ಕೊಂಡರೆ ಸಾಕು.

2011ರಿಂದ 2017ರವರೆಗಿನ ಡೆಸ್ಕ್‌ಟಾಪ್ ಐ5ಗಳಲ್ಲಿ ಹೆಚ್ಚಿನವು 4 ಕೋರ್, 4 ಥ್ರೆಡ್. ಇಂದಿನ ದೊಡ್ಡ ಗೇಮ್‌ಗಳಲ್ಲಿ ಇವುಗಳ ಸರಾಸರಿ ಪರವಾಗಿಲ್ಲ ಅನ್ನಿಸಿದರೂ ನಡುನಡುವೆ ಎಡವುತ್ತವೆ. ಇನ್ನೊಂದು ಗೋಡೆ ಎವಿಎಕ್ಸ್, ಎವಿಎಕ್ಸ್2 ಅನ್ನುವ ಪ್ರೊಸೆಸರ್ ಸೂಚನೆಗಳು. ಎವಿಎಕ್ಸ್ ಬಂದದ್ದು 2011ರ ಪ್ರೊಸೆಸರ್‌ಗಳಲ್ಲಿ, ಎವಿಎಕ್ಸ್2 ಇಂಟೆಲ್‌ನ 2013ರ 4ನೇ ತಲೆಮಾರಿನಲ್ಲಿ. ಇವು ಇಲ್ಲದಿದ್ದರೆ ಕೆಲವು ಹೊಸ ಗೇಮ್‌ಗಳು ತೆರೆಯುವುದೇ ಇಲ್ಲ. ಯಾವ ಕಾರ್ಡೂ ಇದನ್ನು ಸರಿ ಮಾಡುವುದಿಲ್ಲ.

ಇಂಟೆಲ್ ಆರ್ಕ್ ಕಾರ್ಡ್ ಹಳೆ ಕಂಪ್ಯೂಟರ್‌ಗೆ ಸರಿಯಾ?

ಬೇಡ. ಆರ್ಕ್‌ಗೆ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ (ಕಾರ್ಡ್‌ನ ಪೂರ್ತಿ ಮೆಮೊರಿ ಪ್ರೊಸೆಸರ್‌ಗೆ ಒಟ್ಟಿಗೇ ಸಿಗುವಂತೆ ಮಾಡುವುದು) ಬೇಕು, ಅದಿಲ್ಲದಿದ್ದರೆ ವೇಗ ತುಂಬಾ ಕುಸಿಯುತ್ತದೆ. ಇಂಟೆಲ್ ಸೂಚಿಸುವುದು 10ನೇ ತಲೆಮಾರಿನ ಕೋರ್ ಅಥವಾ ನಂತರದ ಪ್ರೊಸೆಸರ್‌ಗಳನ್ನು. ಎನ್‌ವಿಡಿಯಾ, ಎಎಂಡಿ ಕಾರ್ಡ್‌ಗಳು ಅದಿಲ್ಲದೆಯೂ ಚೆನ್ನಾಗಿ ನಡೆಯುತ್ತವೆ.

ವಿಂಡೋಸ್ ಮತ್ತು ಡ್ರೈವರ್ ವಿಷಯ?

32 ಬಿಟ್ ವಿಂಡೋಸ್ ಇದ್ದರೆ ಮೊದಲು 64 ಬಿಟ್‌ಗೆ ಬನ್ನಿ. 32 ಬಿಟ್ ಡ್ರೈವರ್ (ವಿಂಡೋಸ್‌ನಲ್ಲಿ ಕಾರ್ಡ್ ಓಡಿಸುವ ಸಾಫ್ಟ್‌ವೇರ್) ಮಾಡುವುದನ್ನು ಎನ್‌ವಿಡಿಯಾ ವರ್ಷಗಳ ಹಿಂದೆಯೇ ನಿಲ್ಲಿಸಿದೆ. ವಿಂಡೋಸ್ 7 ಮತ್ತು 8.1ಕ್ಕೆ ಅವರ ಹೊಸ ಗೇಮ್ ಡ್ರೈವರ್‌ಗಳು ನಿಂತದ್ದು 2021ರಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಹಳೆ ಕಾರ್ಡ್ ಕೊಳ್ಳುವವರು ಇದನ್ನು ಖಂಡಿತ ಗಮನಿಸಬೇಕು. ಜಿಟಿಎಕ್ಸ್ 900 ಮತ್ತು 10 ಸರಣಿಗೆ, ಜೊತೆಗೆ 750 ಟಿಐಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸುವುದಾಗಿ ಹೇಳಿತು. ಭದ್ರತೆಯ ಅಪ್‌ಡೇಟ್‌ಗಳು 2028ರ ಅಕ್ಟೋಬರ್‌ವರೆಗೆ ಅಂತ ತಿಳಿಸಿದೆ. ಜಿಟಿಎಕ್ಸ್ 1650 ಆ ಪಟ್ಟಿಯಲ್ಲಿಲ್ಲ. 1050 ಟಿಐ ಮತ್ತು 1650 ನಡುವೆ ಬೆಲೆಯಲ್ಲಿ ಸ್ವಲ್ಪವೇ ಫರಕಿದ್ದರೆ 1650 ಕಡೆ ಹೋಗಿ.

ನನ್ನ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದೆ.

ಹೊಸ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ. ಜಿಟಿಎಕ್ಸ್ 10 ಸರಣಿಯಿಂದ ಈಚೆಗೆ ಎನ್‌ವಿಡಿಯಾ ಕಾರ್ಡ್‌ಗಳ ಡಿವಿಐಯಲ್ಲೂ ಅನಲಾಗ್ ಸಿಗ್ನಲ್ ಇಲ್ಲ, ಹಾಗಾಗಿ ಅಗ್ಗದ ಡಿವಿಐ-ವಿಜಿಎ ಪ್ಲಗ್ ಕೆಲಸ ಮಾಡುವುದಿಲ್ಲ. ಒಳಗೆ ಚಿಪ್ ಇರುವ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಪರಿವರ್ತಕ ಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಏನು ನೋಡಬೇಕು?

ಓಡುತ್ತಿರುವಾಗ ನೋಡಿ ಕೊಳ್ಳಿ. ಡೆಸ್ಕ್‌ಟಾಪ್ ಪರದೆ ಬಂದರೆ ಸಾಲದು, ಭಾರದ ಗೇಮ್ ಅಥವಾ ಪರೀಕ್ಷೆಯ ಸಾಫ್ಟ್‌ವೇರ್ ಇಪ್ಪತ್ತು ನಿಮಿಷವಾದರೂ ಓಡಲಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ಮೆಮೊರಿ ಕೆಟ್ಟಿದೆ ಅಂತ ಅನುಮಾನಿಸಿ, ಬಿಟ್ಟುಬಿಡಿ. ಫ್ಯಾನ್ ಸದ್ದು ಕೇಳಿ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಹೆಸರು, ಮೆಮೊರಿ ನೋಡಿ. ಹಳೆ ಚಿಪ್‌ಗೆ ಹೊಸ ಹೆಸರು ಹಚ್ಚಿದ ನಕಲಿ ಕಾರ್ಡ್‌ಗಳಿವೆ, ಹೆಚ್ಚಿನವನ್ನು ಜಿಪಿಯು-ಝಡ್ ಹಿಡಿದು ಕೊಡುತ್ತದೆ.

ಯಾವಾಗ ಈ ಯೋಚನೆಯನ್ನೇ ಬಿಡಬೇಕು?

ಇಂಟೆಲ್ ಕೋರ್ 2 (ಐ5, ಐ7ಗಳಿಗೂ ಮುಂಚಿನ) ಕಾಲದ ಪ್ರೊಸೆಸರ್, ಡಿಡಿಆರ್2 ರ‍್ಯಾಮ್ ಇದ್ದರೆ ಗೇಮ್‌ಗಾಗಿ ಹೊಸ ಕಾರ್ಡ್ ಹಾಕಬೇಡಿ. ಇನ್ನೂ ಹಾರ್ಡ್ ಡಿಸ್ಕ್‌ನಿಂದಲೇ ವಿಂಡೋಸ್ ಓಡುತ್ತಿದ್ದರೆ, 4 ಜಿಬಿ ರ‍್ಯಾಮ್ ಇದ್ದರೆ, ಆ ಹಣ ಮೊದಲು ಎಸ್‌ಎಸ್‌ಡಿಗೆ ಮತ್ತು ರ‍್ಯಾಮ್‌ಗೆ ಹೋಗಲಿ. ದಿನದ ಕೆಲಸದಲ್ಲಿ ಅದರಿಂದ ಆಗುವ ಬದಲಾವಣೆ ಕಾರ್ಡ್‌ಗಿಂತ ಎಷ್ಟೋ ಜಾಸ್ತಿ. ಎಸ್‌ಎಂಪಿಎಸ್, ಕ್ಯಾಬಿನೆಟ್, ಕಾರ್ಡ್ ಮೂರನ್ನೂ ಕೊಳ್ಳಬೇಕಾದ ಸ್ಥಿತಿ ಬಂದರೆ ಬೇರೆ ಕಂಪ್ಯೂಟರ್ ಕಡೆ ನೋಡುವುದೇ ಸರಿ. ಎಸ್‌ಎಂಪಿಎಸ್ ಒಂದೇ ಆದರೆ ಧೈರ್ಯವಾಗಿ ಕೊಳ್ಳಿ, ಒಳ್ಳೆಯದು ತಂದರೆ ಮುಂದಿನ ಕಂಪ್ಯೂಟರ್‌ಗೂ ಬರುತ್ತದೆ.

ಕಾರ್ಡ್ ಹಾಕಿದ ಮೇಲೆ ಎಲ್ಲಾ ಸರಿಯಿದೆ ಅಂತ ತಿಳಿಯುವುದು ಹೇಗೆ?

ಹಳೆ ಕಾರ್ಡ್ ಬೇರೆ ಕಂಪನಿಯದಾಗಿದ್ದರೆ ಮೊದಲು ಅದರ ಡ್ರೈವರ್ ತೆಗೆಯಿರಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಉಚಿತ ಸಾಧನ ಇದಕ್ಕೆ ಚೆನ್ನಾಗಿದೆ. ಆಮೇಲೆ ಹೊಸ ಡ್ರೈವರ್ ಹಾಕಿ.

ಜಿಪಿಯು-ಝಡ್ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ನೆ ಇದ್ದಾಗ ಅಲ್ಲಿ 1.1 ಅಂತ ಕಾಣಿಸಿದರೆ ಗಾಬರಿ ಬೇಡ, ಕರೆಂಟ್ ಉಳಿಸಲು ಕಾರ್ಡ್ ತಾನೇ ವೇಗ ಇಳಿಸುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದಾಗ ನಿಜವಾದ ಆವೃತ್ತಿ ಮತ್ತು ಲೇನ್ ಸಂಖ್ಯೆ ಬರುತ್ತದೆ. 16 ಲೇನ್ ಕಾರ್ಡ್‌ಗೆ 4 ಅಥವಾ 8 ತೋರಿಸಿದರೆ ತಪ್ಪು ಸ್ಲಾಟ್‌ನಲ್ಲಿದೆ, ಇಲ್ಲವೇ ಸರಿಯಾಗಿ ಕೂತಿಲ್ಲ. ಕಿತ್ತು, ಕೊಕ್ಕೆ ಟಕ್ ಅನ್ನುವವರೆಗೆ ಮತ್ತೆ ಕೂರಿಸಿ.

ಆಮೇಲೆ ನಿಮ್ಮ ಅತಿ ಭಾರದ ಗೇಮ್ ಅರ್ಧ ಗಂಟೆ ಆಡಿ. ಬಿಸಿ 80 ಡಿಗ್ರಿ ಆಸುಪಾಸಿನಲ್ಲಿ ನಿಂತರೆ ತೊಂದರೆ ಇಲ್ಲ. ಏರುತ್ತಲೇ ಹೋದರೆ ಕ್ಯಾಬಿನೆಟ್‌ಗೆ ಗಾಳಿ ಸಾಲದು, ಧೂಳು ತೆಗೆದು ಒಂದು ಫ್ಯಾನ್ ಸೇರಿಸಿ. ಆಟದ ನಡುವೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೆ ಗೇಮ್‌ನ ಫ್ರೇಮ್ ಮಿತಿಯನ್ನು 30ಕ್ಕೆ ಇಳಿಸಿ ಮತ್ತೆ ಆಡಿ ನೋಡಿ. ಆಗ ರೀಸ್ಟಾರ್ಟ್ ನಿಂತರೆ, ಬಿಸಿಯೂ ಹೆಚ್ಚಿಲ್ಲದಿದ್ದರೆ, ಡ್ರೈವರ್ ಬದಲಿಸುತ್ತಾ ಕೂರಬೇಡಿ. ಎಸ್‌ಎಂಪಿಎಸ್‌ಗೆ ಕಾರ್ಡ್‌ನ ಭಾರ ತಡೆಯಲಾಗುತ್ತಿಲ್ಲ, ಅದನ್ನು ಬದಲಿಸುವವರೆಗೆ ಆ ಮಿತಿಯಲ್ಲೇ ಆಡಿ.